ಅರಗು ಮುಟ್ಟಿಲ್ಲ

ರಾಚಮ್ಮ ಕೂತು ಮಾತಾಡಿದ್ದನ್ನು ಒಂದೇ ಒಂದು ಸಲ ಬಿಟ್ಟರೆ ನಾನು ನೋಡಿದವಳಲ್ಲ. ಮಾತೂ ನಿಂತೇ, ಊಟವೂ ನಿಂತೇ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತು ಬರುತ್ತಿದ್ದಳು. ಕೇಳಿದರೆ, ‘ಕೂತ್ರೆ ಕಾಲು ಕೇಳಾಕಿಲ್ಲ ಕಣವ್ವ’ ಎನ್ನುತ್ತಿದ್ದಳು. ಮಾತಾಡುವಾಗಲೂ ಅವಳ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಸೆರಗಿನ ಅಂಚನ್ನೋ ಬಾಗಿಲ ಚಿಲಕವನ್ನೋ ಉಜ್ಜಿ ನೋಡುತ್ತಲೇ ಇರುತ್ತಿದ್ದವು.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿದ್ದ ಒಂದು ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು. ಹಾಸ್ಟೆಲಿನ ಹೆಸರು ಬರೆಯುವುದಿಲ್ಲ. ಈ ಕತೆಯಲ್ಲಿ ಬರುವ ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ. ಅವರು ಮಾಡಿದ್ದನ್ನು ಒಂದು ಕಟ್ಟಡದ ಮೇಲೆ ಹೊರಿಸುವುದು ಸರಿಯಲ್ಲ. ಅರವತ್ತು ಹುಡುಗಿಯರು, ಎರಡು ಸೌದೆ ಒಲೆ, ಒಂದು ಉಗ್ರಾಣ. ರಾಚಮ್ಮ ದಿನಗೂಲಿ ಲೆಕ್ಕದಲ್ಲಿ ಸೇರಿ ಹನ್ನೊಂದು ವರ್ಷವಾಗಿತ್ತು. ಅವಳ ಜೊತೆ ಸೇರಿದ ಬೇರೆ ಹಾಸ್ಟೆಲುಗಳ ಅಡುಗೆಯವರಲ್ಲಿ ಕೆಲವರಿಗೆ ನೌಕರಿ ಕಾಯಂ ಆಗಿತ್ತು. ಅವಳಿಗೆ ಆಗಿರಲಿಲ್ಲ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಇನ್ನೊಂದು ಪಟ್ಟಿ ತಯಾರಾಗುತ್ತಿದೆ, ಅದರಲ್ಲಿ ತನ್ನ ಹೆಸರಿದೆ ಎಂದು ಅವಳಿಗೆ ಗೊತ್ತಾಗಿತ್ತು. ಅವಳಿಗೆ ಆಗ ನಲವತ್ತೆಂಟು. ಈ ಪಟ್ಟಿ ತಪ್ಪಿದರೆ ಮುಂದಿನದು ಬರುವ ಹೊತ್ತಿಗೆ ವಯಸ್ಸು ಮೀರುವ ಸಂಭವವಿತ್ತು.

ಅವಳು ಹುಟ್ಟಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಈಗ ಕಬಿನಿ ಹಿನ್ನೀರಿನ ಕೆಳಗಿರುವ ಒಂದು ಊರಿನಲ್ಲಿ. ಅದರ ಬಗ್ಗೆ ಅವಳು ಹೆಚ್ಚು ಹೇಳುತ್ತಿರಲಿಲ್ಲ. ಮದುವೆಯಾಗಿ ಹುಣಸೂರಿನ ಸೀಮೆಗೆ ಬಂದಳು. ಗಂಡ ಸಣ್ಣಬೀರಯ್ಯ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಬೆಂಕಿ ನೋಡುವ ಕೆಲಸದವನು. ರಾಚಮ್ಮ ಹದಿನೈದು ವರ್ಷ ಸೊಪ್ಪು ವಿಂಗಡಿಸುವ ಕೆಲಸ ಮಾಡಿದಳು. ಹದ ಮಾಡಿದ ಎಲೆಯನ್ನು ಬಣ್ಣ ನೋಡಿ, ಬೆರಳಿನಲ್ಲಿ ಉಜ್ಜಿ, ದರ್ಜೆ ಮಾಡಿ ಕಟ್ಟುವುದು. ಹರಾಜಿಗೆ ಹೋಗುವ ಹೊರೆಯ ಮೇಲೆ ಒಳ್ಳೆ ಎಲೆ ಜೋಡಿಸಿ ಹೊಟ್ಟೆಯೊಳಗೆ ಕಪ್ಪು ಎಲೆ ಅಡಗಿಸುವ ಧಣಿಗಳನ್ನು ಅವಳು ಕಂಡಿದ್ದಳು. ಅವರು ಹೇಳಿದಂತೆ ಅಡಗಿಸಿಯೂ ಇದ್ದಳು. ‘ನಾನೇ ತುಂಬಿದ್ದೀನಿ ಕಣವ್ವ, ಅದ್ಕೇ ಗೊತ್ತು’ ಎಂದು ಒಮ್ಮೆ ನನಗೆ ಹೇಳಿದಳು. ಹಾಸ್ಟೆಲಿಗೆ ಬಂದ ಮೇಲೂ ಯಾವ ಮೂಟೆ ಬಂದರೂ ಮೇಲಿನ ಕಾಳು ನೋಡುತ್ತಿರಲಿಲ್ಲ. ಮೊಣಕೈ ಮುಳುಗುವವರೆಗೆ ಕೈ ಇಳಿಸಿ ನಡುವಿನ ಒಂದು ಹಿಡಿ ತೆಗೆಯುತ್ತಿದ್ದಳು.

ಕತೆ ಮುಂದುವರಿಸುವ ಮುಂಚೆ ಹಾಸ್ಟೆಲುಗಳ ದಿನಸಿ ಖರೀದಿ ಹೇಗಿತ್ತು ಎನ್ನುವುದನ್ನು ಹೇಳಬೇಕು. ಮೂರು ಅಂಗಡಿಗಳಿಂದ ದರಪಟ್ಟಿ ತರಿಸಬೇಕೆಂದು ನಿಯಮ. ಮೂರೂ ಬರುತ್ತಿದ್ದವು, ಮೂರರ ಕೈಬರಹವೂ ಒಂದೇ ಇರುತ್ತಿತ್ತು. ಒಮ್ಮೆ ಮೂರರಲ್ಲಿಯೂ ‘ಹೆಸರುಕಾಳು’ ಎನ್ನುವುದನ್ನು ಒಂದೇ ರೀತಿ ತಪ್ಪಾಗಿ ಬರೆದದ್ದನ್ನು ನಾನು ಹಳೆಯ ಕಡತದಲ್ಲಿ ನೋಡಿದ್ದೇನೆ. ಕಂಠಪ್ಪ ಎಂಬ ದಿನಸಿ ವರ್ತಕನಿಗೆ ಪ್ರತಿ ವರ್ಷ ಕೆಲಸ ಸಿಗುತ್ತಿತ್ತು. ಆಮೇಲೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ಇರಬೇಕೆಂದು ಹೊಸ ಕಾಯ್ದೆ ಬಂತು. ಮೊಹರು ಮಾಡಿದ ಲಕೋಟೆ, ಎಲ್ಲರ ಮುಂದೆ ತೆರೆಯುವುದು, ತಾಲ್ಲೂಕಿನ ಸಮಿತಿ. ನಾನು ಕಾಲೇಜಿನಿಂದ ನಿವೃತ್ತಳಾಗಿ ಹುಣಸೂರಿನಲ್ಲಿದ್ದೆ. ಸರ್ಕಾರದ ಹೊರಗಿನವರೊಬ್ಬರು ಬೇಕೆಂದು ನನ್ನನ್ನು ಆ ಸಮಿತಿಗೆ ಹಾಕಿದರು.

ಜೂನ್ ತಿಂಗಳಲ್ಲಿ ಲಕೋಟೆ ತೆರೆದೆವು. ಐದು ಜನ ಹಾಕಿದ್ದರು. ಕಂಠಪ್ಪನ ದರವೇ ಕಡಿಮೆ ಇತ್ತು, ಬಹಳ ಕಡಿಮೆ. ಅಷ್ಟು ಕಡಿಮೆ ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವನು ತಂದಿದ್ದ ತೊಗರಿಬೇಳೆಯ ನಮೂನೆ ಚೆನ್ನಾಗಿತ್ತು. ಅದನ್ನು ಬಿಳಿ ಕೋರಾ ಬಟ್ಟೆಯ ಎರಡು ಕೇಜಿ ಚೀಲಗಳಲ್ಲಿ ತುಂಬಿ, ಬಾಯಿ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗು ಸುರಿದು ಮೊಹರು ಒತ್ತಿದರು. ಚೀಟಿಯಲ್ಲಿ ‘ಮಂಜೂರಾದ ನಮೂನೆ’ ಎಂದು ಬರೆದು ಇಲಾಖೆಯ ತಾಲ್ಲೂಕು ಅಧಿಕಾರಿ ದೇವರಾಜು, ಕಂಠಪ್ಪ, ನಾನು ಸಹಿ ಹಾಕಿದೆವು. ಒಂದು ಚೀಲ ಕಚೇರಿಯ ಬೀರುವಿನಲ್ಲಿ, ಇನ್ನೊಂದು ಹಾಸ್ಟೆಲಿನಲ್ಲಿ. ಪ್ರತಿ ತಿಂಗಳು ಬರುವ ಬೇಳೆಯನ್ನು ನಮೂನೆಗೆ ಹೋಲಿಸಿ, ವಾರ್ಡನ್ನೂ ಅಡುಗೆಯವಳೂ ದಾಸ್ತಾನು ಪುಸ್ತಕದಲ್ಲಿ ‘ನಮೂನೆಯಂತಿದೆ’ ಎಂದು ಒಪ್ಪಬೇಕು. ವಾರ್ಡನ್ನಿನದು ಸಹಿ, ರಾಚಮ್ಮನದು ಹೆಬ್ಬೆಟ್ಟು.

ದೇವರಾಜು ಕೆಟ್ಟವರಲ್ಲ. ಅವಸರದ ಮನುಷ್ಯ. ಚೀಲವನ್ನು ರಾಚಮ್ಮನ ಕೈಗೆ ಕೊಡುವಾಗ ಅವರು ಹೇಳಿದ್ದು ಇಷ್ಟೇ, ನಾನು ಪಕ್ಕದಲ್ಲೇ ಇದ್ದೆ: ‘ಇದು ಜೋಪಾನ. ಅರಗು ಒಡೆದರೆ ಹೋಯಿತು. ಅರಗು ಮುಟ್ಟಬೇಡ, ಬೇಳೆ ಜೋಪಾನ ಮಾಡು.’

ರಾಚಮ್ಮ ತಲೆಯಾಡಿಸಿದಳು. ಚೀಲವನ್ನು ಉಗ್ರಾಣದ ಗೋಡೆಯ ಮೊಳೆಗೆ ನೇತು ಹಾಕಿದಳು. ನಾನು ಮನೆಗೆ ಬಂದೆ. ಸಹಿ ಹಾಕಿದವಳು ಮುಂದಿನ ಐದು ತಿಂಗಳು ಆ ಚೀಲ ಹೇಗಿದೆಯೆಂದು ಹೋಗಿ ನೋಡಲಿಲ್ಲ. ಇದೂ ದಾಖಲಾಗಲಿ.

ದಸರೆಯವರೆಗೆ ತಿಂಗಳ ತಿಂಗಳ ಬೇಳೆ ಸರಿಯಾಗಿಯೇ ಬಂತು. ಶ್ರಾವಣದ ಮಳೆ ಹಿಡಿದಾಗ ಮೊಳೆಯ ಕೆಳಗಿನ ನೆಲದಲ್ಲಿ ಹಳದಿ ಪುಡಿ ಬೀಳತೊಡಗಿತು. ರಾಚಮ್ಮ ಗುಡಿಸಿದಳು. ಮಾರನೆಯ ದಿನ ಮತ್ತೆ ಬಿತ್ತು. ಚೀಲಕ್ಕೆ ಕಿವಿಗೊಟ್ಟರೆ ಒಳಗೆ ಚರಚರ ಎನ್ನುತ್ತಿತ್ತಂತೆ. ಎರಡು ದಿನ ಒಲೆಗೂ ಉಗ್ರಾಣಕ್ಕೂ ಓಡಾಡಿದಳು. ಹುಳ ಬಿದ್ದ ಬೇಳೆಯನ್ನು ಕಣ್ಣೆದುರು ಇಟ್ಟುಕೊಂಡು ಸುಮ್ಮನಿರುವುದು ಅವಳಿಂದಾಗದ ಕೆಲಸ. ಅವಳು ಬೆಳೆದ ಮನೆಯಲ್ಲಿ ಕಾಳನ್ನು ಜೋಪಾನ ಮಾಡು ಎಂದರೆ ಒಂದೇ ಅರ್ಥ: ಒಂದರಿಯಲ್ಲಿ ಜರಡಿ ಆಡು, ಮೊರದಲ್ಲಿ ಕೇರು, ಬಿಸಿಲಿಗೆ ಹರಡು, ಹರಳೆಣ್ಣೆ ಸವರಿ ತುಂಬಿಡು. ದೇವರಾಜು ಹೇಳಿದ ಜೋಪಾನಕ್ಕೆ ಮುಟ್ಟಬೇಡ ಎಂದು ಅರ್ಥ. ಒಂದೇ ಮಾತನ್ನು ಇಬ್ಬರೂ ತಮ್ಮ ತಮ್ಮ ಮನೆಯ ಹಾಗೆ ತಿಳಿದುಕೊಂಡರು.

ಅರಗು ಮುಟ್ಟಬೇಡ ಎಂದಿದ್ದರಲ್ಲ, ಅವಳು ಮುಟ್ಟಲಿಲ್ಲ. ಚೀಲವನ್ನು ತಿರುಗಿಸಿ ಬುಡದ ಹೊಲಿಗೆ ಬಿಚ್ಚಿದಳು. ಬೇಳೆಯನ್ನು ಮೊರಕ್ಕೆ ಸುರಿದು, ಹುಳ ಆರಿಸಿ, ಬಿಸಿಲು ಬಂದ ಹೊತ್ತು ನೋಡಿ ಹರಡಿದಳು. ಮನೆಯಿಂದ ತಂದ ಹರಳೆಣ್ಣೆ ಸವರಿದಳು. ಮತ್ತೆ ತುಂಬಿ, ಹುಡುಗಿಯರ ಲಂಗ ಹೊಲಿಯಲು ಇಟ್ಟುಕೊಂಡಿದ್ದ ನೀಲಿ ದಾರದಲ್ಲಿ ಬುಡ ಹೊಲಿದಳು. ಅಕ್ಟೋಬರಿನಲ್ಲಿ ಇನ್ನೊಂದು ಸಲ ಇದೇ ಕೆಲಸ. ಗುಟ್ಟಾಗಿ ಮಾಡಲಿಲ್ಲ. ಹಾಸ್ಟೆಲಿನ ಅಂಗಳದಲ್ಲಿ, ಹುಡುಗಿಯರು ಓಡಾಡುವಲ್ಲಿ, ವಾರ್ಡನ್ ರುಕ್ಮಿಣಮ್ಮನ ಕೋಣೆಯ ಕಿಟಕಿಯ ಮುಂದೆ ಮಾಡಿದಳು. ಅದು ಯಾವ ಬೇಳೆ ಎಂದು ಯಾರೂ ಕೇಳಲಿಲ್ಲ.

ದಸರಾ ರಜೆ ಮುಗಿದ ಮೇಲೆ ಬಂದ ಮೂಟೆಗಳಲ್ಲಿ ಮೇಲೆ ಒಳ್ಳೆ ಬೇಳೆ ಇತ್ತು. ರಾಚಮ್ಮ ಕೈ ಇಳಿಸಿದಳು. ನಡುವಿನ ಹಿಡಿ ಬೇರೆಯೇ ಇತ್ತು. ಹಳೆಯ ಬೇಳೆ, ಮುರುಕು, ಬಣ್ಣ ಹಚ್ಚಿದ್ದು. ಅಂಗೈ ಹಳದಿಯಾಯಿತು. ಒಲೆಗೆ ಹಾಕಿದರೆ ಎರಡು ಗಂಟೆಯಾದರೂ ಕಲ್ಲಿನ ಹಾಗೆ ಉಳಿಯಿತು. ಹುಡುಗಿಯರು ಸಾರಿನ ನೀರು ಉಂಡು ಬೇಳೆ ತಟ್ಟೆಯಲ್ಲಿ ಬಿಟ್ಟು ಎದ್ದರು. ಆ ವಾರ ಒಂಬತ್ತು ಜನಕ್ಕೆ ಹೊಟ್ಟೆನೋವು.

ರಾಚಮ್ಮ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ.

ರುಕ್ಮಿಣಮ್ಮ ಭಯಸ್ಥೆ. ಇನ್ನೆರಡು ವರ್ಷದಲ್ಲಿ ನಿವೃತ್ತಿ. ‘ಒತ್ತೇ ಮಾರಾಯ್ತಿ. ಮುಂದಿನ ತಿಂಗಳು ಒಳ್ಳೇದು ಕಳಿಸ್ತಾರೆ’ ಎಂದು ಬೇಡಿಕೊಂಡರು. ಮೂರು ದಿನ ಕಾದು ಕಂಠಪ್ಪನೇ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಚಪ್ಪಲಿ ಬಿಟ್ಟ. ಅವನು ಮರ್ಯಾದೆಯ ಮನುಷ್ಯನೇ.

‘ಏನ್ ರಾಚಮ್ಮ, ಹನ್ನೊಂದ್ ವರ್ಸ ನನ್ ಬೇಳೇನೇ ಬೇಯ್ಸಿದ್ದೀಯ. ಈಗೇನ್ ಅದ್ಕೆ ನಾಲ್ಗೆ ಬಂದ್ಬುಡ್ತಾ?’

‘ನಾಲ್ಗೆ ಬಂದಿಲ್ಲ ಕಣಣ್ಣ. ಬಂದಿದ್ರೆ ಮೊದ್ಲು ನಿನ್ ಎಸ್ರೇ ಕೂಗದು.’

‘ಸೌದೆ ಅಸಿ ಇರ್ಬೇಕು. ನೀರು ಗಡಸಿರ್ಬೇಕು.’

‘ಸೌದೆ ಅದೇ, ನೀರೂ ಅದೇ, ಒಲೆನೂ ಅದೇ. ನೀನೊಬ್ನೇ ಬದ್ಲಾಗಿರದು.’

ಕಂಠಪ್ಪ ನಕ್ಕ. ಆಮೇಲೆ ದನಿ ಇಳಿಸಿ, ‘ಕಾಯಂ ಪಟ್ಟಿ ಓಗ್ತಾ ಅದಂತೆ. ನಿನ್ ಎಸ್ರೂ ಅದೆಯಂತೆ. ಇಂಥಾ ಒತ್ನಲ್ಲಿ ಕಚೇರಿಲಿ ರಗಳೆ ಆಗ್ಬಾರ್ದು ಕಣವ್ವ. ನಿನ್ ಒಳ್ಳೇದಕ್ಕೇ ಯೋಳ್ತೀನಿ’ ಎಂದ.

ರಾಚಮ್ಮ ತಿರುಗಿ ಒಲೆ ಊದಿದಳಂತೆ. ಊದಿ ಊದಿ ಬೆಂಕಿ ಜಾಸ್ತಿಯಾಗಿ ಅನ್ನ ಸೀಯಿತು. ಅವಳ ಕೈಯಲ್ಲಿ ಅನ್ನ ಸೀದದ್ದನ್ನು ಹುಡುಗಿಯರು ಅದುವರೆಗೆ ಕಂಡಿರಲಿಲ್ಲ.

ರಾಚಮ್ಮ ಹೆಬ್ಬೆಟ್ಟು ಒತ್ತದ್ದರಿಂದ ಬೇಳೆಯ ದೂರು ಕಚೇರಿಗೆ ಹೋಯಿತು, ದೇವರಾಜು ತನಿಖೆಗೆ ಬಂದರು. ಕಂಠಪ್ಪನೂ ಬಂದ. ನಮೂನೆ ಚೀಲ ತರಿಸಿದರು. ಅರಗು ಸರಿಯಾಗಿತ್ತು. ಕಂಠಪ್ಪ ಚೀಲವನ್ನು ಕೈಯಲ್ಲಿ ಹಿಡಿದು ತಿರುಗಿಸಿದ. ಬುಡದಲ್ಲಿ ನೀಲಿ ದಾರ ಕಂಡಿತು.

‘ಸಾರ್, ನೋಡಿ. ನಮ್ಮ ಚೀಲದ್ದು ಬಿಳಿ ದಾರ. ಯಾರೋ ಬಿಚ್ಚಿ ಮೇಲ್ದರ್ಜೆ ಬೇಳೆ ತುಂಬವ್ರೆ. ನಮ್ಮನ್ನ ಸಿಕ್ಕಿಸ್ಬೇಕು ಅಂತ್ಲೇ ಮಾಡಿರೋದು.’

ದೇವರಾಜು ರಾಚಮ್ಮನ ಮುಖ ನೋಡಿದರು. ಅವಳು ಸ್ವಲ್ಪವೂ ಅಂಜದೆ, ‘ನಾನೇ ಬಿಚ್ಚಿದ್ದು ಸ್ವಾಮಿ. ಉಳ ಬಿದ್ದಿತ್ತು. ಎಣ್ಣೆ ಅಚ್ಚಿ ತುಂಬಿವ್ನಿ. ಅರಗು ಮುಟ್ಟಿಲ್ಲ’ ಎಂದಳು.

ಬಂದವರೆಲ್ಲ ನಕ್ಕರು. ಅವರು ಯಾಕೆ ನಕ್ಕರು ಎಂದು ಅವಳಿಗೆ ತಿಳಿಯಲಿಲ್ಲ. ಒಂದು ವಾರದೊಳಗೆ ನೋಟೀಸು ಬಂತು.

ಅದನ್ನು ಹಿಡಿದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಸಣ್ಣಬೀರಯ್ಯನೂ ಬಂದಿದ್ದ. ಕುರ್ಚಿ ತೋರಿಸಿದೆ. ಅವನು ಕೂತ, ಅವಳು ಬಾಗಿಲ ಬಳಿ ನಿಂತಳು.

‘ಓದಿ ಯೋಳವ್ವ.’

ಓದಿದೆ. ಮೊಹರಾದ ನಮೂನೆಯನ್ನು ಅಕ್ರಮವಾಗಿ ಬಿಚ್ಚಿದ್ದರಿಂದ ಖರೀದಿಯ ಪಾರದರ್ಶಕತೆಗೆ ಧಕ್ಕೆ ತಂದಿರುತ್ತೀರಿ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಏಳು ದಿನದೊಳಗೆ ಉತ್ತರ ಕೊಡಿ ಎಂದಿತ್ತು.

‘ಅದ್ಯಾವ್ದವ್ವ, ಪಾರ್... ಪಾರದರ್ಸಕ?’

‘ಒಳಗೆ ಇರುವುದು ಹೊರಗಿನಿಂದ ಕಾಣಬೇಕು ಅಂತ. ಗಾಜಿನ ಹಾಗೆ.’

‘ಗಾಜಿನಂಗಾ?’ ಅವಳ ಬೆರಳು ಬಾಗಿಲ ಚಿಲಕ ಉಜ್ಜುತ್ತಿತ್ತು. ‘ಕಾಣ್ಬೇಕು ಅನ್ನಂಗಿದ್ರೆ ಬಟ್ಟೆ ಚೀಲ್ದಾಗೆ ಯಾಕೆ ಕಟ್ಟಿ ಆಕಿದ್ರಿ?’

ಮೂವತ್ನಾಲ್ಕು ವರ್ಷ ಪಾಠ ಹೇಳಿದವಳು ನಾನು. ನೋಟೀಸನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ.

ಸಣ್ಣಬೀರಯ್ಯ ಬಾಯಿ ಹಾಕಿದ. ‘ನೋಡಿ ಅವ್ವಾರೆ, ಮನೇಲಿ ತಲೆಗೆ ಅಚ್ಚಕ್ಕೆ ಎಣ್ಣೆ ಇಲ್ಲ. ಇವ್ಳು ಸರ್ಕಾರದ ಬೇಳೆಗೆ ಅಭ್ಯಂಜನ ಮಾಡ್ಸವ್ಳೆ.’

‘ಸುಮ್ಕಿರು ಮಾರಾಯ.’

‘ಸುಮ್ಕೇ ಇವ್ನಿ. ಪಟ್ಟಿಯಿಂದ ಎಸ್ರು ಓಗ್ಬುಟ್ರೆ ನೀನು ಸುಮ್ಕಿರಲ್ವಲ್ಲ.’

ರುಕ್ಮಿಣಮ್ಮ ಅವಳಿಗೆ ಒಂದು ದಾರಿ ಹೇಳಿಕೊಟ್ಟಿದ್ದರಂತೆ: ಇಲಿ ಚೀಲ ಕಡಿಯಿತು, ಬೇಳೆ ಚೆಲ್ಲದಿರಲೆಂದು ಹೊಲಿದೆ ಎಂದು ಬರೆಸು, ಯಾರಿಗೂ ತೊಂದರೆ ಇಲ್ಲ. ಹೇಳುವಾಗ ರಾಚಮ್ಮನ ಮುಖ ಕೆಂಪಾಯಿತು. ಕಂಠಪ್ಪನ ಮಾತಿಗೆ ಬಂದಿದ್ದಕ್ಕಿಂತ ಹೆಚ್ಚು ಸಿಟ್ಟು ಈ ಮಾತಿಗೆ ಬಂದಿತ್ತು.

‘ಇಲಿಯಂತೆ! ಹನ್ನೊಂದ್ ವರ್ಸದಾಗೆ ನನ್ ಉಗ್ರಾಣಕ್ಕೆ ಒಂದ್ ಇಲಿ ಬುಟ್ಟಿಲ್ಲ ನಾನು. ಇಲಿ ಬಂತು ಅಂತ ಎಬ್ಬೆಟ್ಟು ಒತ್ತಿ ಕೆಲ್ಸ ಉಳಿಸ್ಕಳದಾ? ಬಿಚ್ಚಿದ್ದೀನಿ ಅಂತ್ಲೇ ಬರಿಯವ್ವ.’

ಬರೆದೆ. ಆದರೆ ಬರೆಯುತ್ತಿರುವಾಗ ನನಗೆ ಇನ್ನೊಂದು ಚೀಲದ ನೆನಪಾಯಿತು. ಕಚೇರಿಯ ಬೀರುವಿನಲ್ಲಿದ್ದದ್ದು. ಅದನ್ನು ಯಾರೂ ಬಿಚ್ಚಿರಲಿಲ್ಲ. ಸಮಿತಿಯ ಸದಸ್ಯಳಾಗಿ ನಾನು ಬೇರೆ ಕಾಗದ ಬರೆದೆ: ಎರಡನೆಯ ನಮೂನೆಯನ್ನು ಸಮಿತಿಯ ಮುಂದೆ ತೆರೆದು ಹೋಲಿಸಬೇಕು.

ಹತ್ತು ದಿನದ ಮೇಲೆ ಕಚೇರಿಯಲ್ಲಿ ಸೇರಿದೆವು. ರಾಚಮ್ಮನನ್ನೂ ಕರೆಸಿದ್ದರು. ಅವಳು ಆ ಹತ್ತು ದಿನ ಹೇಗೆ ಕಳೆದಳೋ. ಹಿತ್ತಲಿನ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆಯುತ್ತಿದ್ದಳು, ತೊಳೆದದ್ದನ್ನೇ ತೊಳೆಯುತ್ತಿದ್ದಳು ಎಂದು ರುಕ್ಮಿಣಮ್ಮ ಹೇಳಿದರು. ಬೀರುವಿನಿಂದ ಚೀಲ ತೆಗೆದರು. ಅರಗು ಸರಿ, ಚೀಟಿ ಸರಿ, ಬುಡದಲ್ಲಿ ಬಿಳಿ ದಾರ. ಗಂಟು ಕತ್ತರಿಸಿ ತಟ್ಟೆಗೆ ಸುರಿದರೆ ಬಂದದ್ದು ಬೇಳೆಯಲ್ಲ. ಮುಕ್ಕಾಲು ಪಾಲು ಪುಡಿ, ಜೇಡರ ಬಲೆಯಂಥ ನೂಲು, ಹರಿದಾಡುವ ಹುಳ. ಗುಮಾಸ್ತ ಮೇಜಿನಿಂದ ಹಿಂದೆ ಸರಿದ.

ಕಂಠಪ್ಪ, ‘ಇನ್ನೇನ್ ಓಲಿಸ್ತೀರಿ ಸಾರ್?’ ಎಂದ.

ನಿಯಮದಂತೆ ಕಾದಿಟ್ಟದ್ದು ಹಾಳಾಗಿತ್ತು. ಕೆಡದೆ ಉಳಿದಿದ್ದ ರಾಚಮ್ಮನ ಚೀಲದ ಬೇಳೆ ನಿಯಮ ಮೀರಿದ್ದು. ದೇವರಾಜು ಲೇಖನಿ ತೆಗೆದು, ಹೋಲಿಕೆ ಸಾಧ್ಯವಾಗದ ಕಾರಣ ದೂರನ್ನು ಮುಕ್ತಾಯ ಮಾಡಿದೆ ಎಂದು ಬರೆಯಲು ಶುರುಮಾಡಿದರು. ನಾನು ಆಕ್ಷೇಪಣೆಯ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ರಾಚಮ್ಮ ಯಾರನ್ನೂ ಕೇಳದೆ ಮೇಜಿನ ಹತ್ತಿರ ಬಂದು, ಆ ಪುಡಿಯೊಳಗೆ ಬೆರಳಾಡಿಸತೊಡಗಿದಳು.

‘ಏಯ್, ಮುಟ್ಟಬೇಡ’ ಎಂದರು ದೇವರಾಜು.

‘ನೀವೇ ಬಿಚ್ಚಿದ್ದೀರಲ್ಲ ಸ್ವಾಮಿ. ಇದ್ರಾಗೆ ಕಾಳವೆ. ಬೇಯ್ಸನ.’

‘ಏನು?’

‘ಬೇಯ್ಸನ. ಈ ಬೇಳೆ ಒಂದ್ ಪಾತ್ರೆಗೆ. ಅವ್ರು ಕಳ್ಸಿರೋದು ಒಂದ್ ಪಾತ್ರೆಗೆ. ನೀರು ಒಂದೇ ಕೊಡದ್ದು. ನೀವೇ ಆಕಿ. ನಾನು ಮುಟ್ಟಾಕಿಲ್ಲ.’

ದೇವರಾಜು ಲೇಖನಿ ಹಿಡಿದುಕೊಂಡೇ ಕೂತರು. ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲ ಎಂದು ನಾನು ಹೇಳಿದೆ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಅಡ್ಡಿ ಇದೆ ಎಂದೂ ಬರೆದಿರಲಿಲ್ಲ.

ಕಚೇರಿಯ ಟೀ ಮಾಡುವ ಸ್ಟೌ ಒಂದು, ಎದುರಿನ ಹೋಟೆಲಿನದು ಇನ್ನೊಂದು. ಹಿಂದಿನ ಜಗಲಿಯಲ್ಲಿ ಹಚ್ಚಿದರು. ಗುಮಾಸ್ತ ಮೂಗು ಮುಚ್ಚಿಕೊಂಡು ಪುಡಿಯಿಂದ ಎರಡು ಹಿಡಿ ಕಾಳು ಆರಿಸಿದ. ಕಂಠಪ್ಪನ ಮೂಟೆಯಿಂದ ತಂದಿದ್ದ ಬೇಳೆಯನ್ನು ದೇವರಾಜು ಸ್ವತಃ ಹಾಕಿದರು. ರಾಚಮ್ಮ ಎರಡು ಸ್ಟೌಗಳ ನಡುವೆ ಆಚೆ ಈಚೆ ನಡೆಯುತ್ತಿದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಒಮ್ಮೆ ಮುಚ್ಚಳ ಸರಿಮಾಡಲು ಕೈ ಮುಂದೆ ಬಂತು. ತಾನೇ ಹಿಂದಕ್ಕೆ ಎಳೆದುಕೊಂಡಳು.

ಅರ್ಧ ಗಂಟೆಗೆ ಹುಳ ತಿಂದು ಉಳಿದ ನಮೂನೆಯ ಕಾಳು ಕರಗಿ ಗಂಜಿಯಾಯಿತು. ಇನ್ನೊಂದು ಪಾತ್ರೆಯ ನೀರು ಅರಿಸಿನದ ನೀರಿನ ಹಾಗೆ ಹಳದಿಯಾಗಿತ್ತು, ಕಾಳು ತಳದಲ್ಲಿ ಗುಡುಗುಡು ಉರುಳುತ್ತಿತ್ತು. ಒಂದು ಗಂಟೆ ಕಾದೆವು. ದೇವರಾಜು ಚಮಚದಲ್ಲಿ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದರು. ಅದು ಹಾರಿ ಕಂಠಪ್ಪನ ಕಾಲ ಹತ್ತಿರ ಬಿತ್ತು. ಹೋಟೆಲಿನವನು ಸ್ಟೌ ವಾಪಸ್ಸು ಒಯ್ಯಲು ಬಂದಿದ್ದ. ಅವನಿಗೆ ವಿಷಯ ಏನೂ ಗೊತ್ತಿರಲಿಲ್ಲ. ‘ಏನ್ ಕಂಠಪ್ಪ, ನಿನ್ ಬೇಳೆ ಬೇಯಾಕಿಲ್ವಲ್ಲೋ!’ ಎಂದು ಜೋರಾಗಿ ನಕ್ಕ. ಕಂಠಪ್ಪ ಅಂದು ಮೊದಲ ಬಾರಿ ನಗಲಿಲ್ಲ.

ಆ ಸರಬರಾಜು ತಿರಸ್ಕೃತವಾಯಿತು. ಉಳಿದ ತಿಂಗಳುಗಳ ಕೆಲಸ ಎರಡನೆಯ ದರದವನಿಗೆ ಹೋಯಿತು. ವರದಿಯ ಕೊನೆಯ ಪುಟದಲ್ಲಿ ರಾಚಮ್ಮನ ವಿಷಯ ಇತ್ತು: ದುರುದ್ದೇಶ ಕಾಣುವುದಿಲ್ಲ, ಆದರೆ ನಿಯಮ ಉಲ್ಲಂಘನೆ ಸ್ಪಷ್ಟ. ಕೆಲಸದಿಂದ ತೆಗೆಯುವುದು ಬೇಡ. ಕಾಯಂ ಪಟ್ಟಿಯಿಂದ ಒಂದು ವರ್ಷ ಹೆಸರು ತಡೆಹಿಡಿಯಬೇಕು, ಆ ವರ್ಷ ಅವಳ ನಡತೆ ನೋಡಬೇಕು. ನಾನು ಭಿನ್ನಾಭಿಪ್ರಾಯ ಬರೆದೆ. ಅದನ್ನು ಕಡತಕ್ಕೆ ಸೇರಿಸಿದರು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಮುಂದಿನ ಜೂನಿನ ಸಮಿತಿಯಲ್ಲಿ, ನಮೂನೆಯನ್ನು ಗಾಜಿನ ಜಾಡಿಯಲ್ಲಿ ಇಡಬೇಕೆಂದು ನಾನು ಸೂಚಿಸಿದೆ. ಎಲ್ಲರೂ ಒಳ್ಳೆಯ ಯೋಚನೆ ಎಂದರು. ಯೋಚನೆ ಯಾರದೆಂದು ನಾನು ಹೇಳಲಿಲ್ಲ. ಹೇಳಬೇಕಾಗಿತ್ತು.

ಜಾಡಿ ಬಂತು. ಮುಚ್ಚಳದ ಸುತ್ತ ಬಟ್ಟೆ, ಅದರ ಮೇಲೆ ಅರಗು. ರಾಚಮ್ಮನಿಗೆ ಈ ಸಲ ಜೋಪಾನ ಎನ್ನಲಿಲ್ಲ, ಮುಟ್ಟಬೇಡ ಎಂದಷ್ಟೇ ಹೇಳಿದರು. ಉಗ್ರಾಣದ ಹಲಗೆಯ ಮೇಲೆ, ಅವಳು ದಿನಕ್ಕೆ ಹತ್ತು ಸಲ ಓಡಾಡುವ ಜಾಗದಲ್ಲಿ ಇಟ್ಟರು. ಶ್ರಾವಣ ಬಂತು. ಮೊದಲ ಹುಳ ಗಾಜಿನ ಒಳಗೋಡೆ ಹತ್ತಿದ್ದನ್ನು ಅವಳು ಕಂಡಳು. ಆಮೇಲೆ ಎರಡು. ಆಮೇಲೆ ಎಣಿಸುವುದು ಬಿಟ್ಟಳು. ಹಿಂದಿನ ವರ್ಷ ಕಿವಿಗೆ ಕೇಳಿತ್ತು, ಈಗ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಹುಡುಗಿಯರ ಕೈಲಿ ಕಾಗದ ಬರೆಸಿ ರುಕ್ಮಿಣಮ್ಮನ ಸಹಿ ಹಾಕಿಸಿ ಕಚೇರಿಗೆ ಕಳಿಸಿದಳು. ಉತ್ತರವಿಲ್ಲ. ಇನ್ನೊಂದು ಕಳಿಸಿದಳು, ಮೂರನೆಯದೂ ಹೋಯಿತು. ಜಾಡಿಯ ಮೇಲೆ ಬಟ್ಟೆ ಮುಚ್ಚಿದಳು. ಅರ್ಧ ಗಂಟೆಯಲ್ಲಿ ತೆಗೆದು ನೋಡಿದಳು. ಒಂದು ಮಧ್ಯಾಹ್ನ ಎಣ್ಣೆಯ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಉಗ್ರಾಣದಲ್ಲಿ ನಿಂತಿದ್ದಳಂತೆ. ರುಕ್ಮಿಣಮ್ಮ ಕೂಗಿದ ಮೇಲೆ ಹೊರಗೆ ಬಂದಳು.

ಮಾರನೆಯ ದಿನ ಜಾಡಿಯನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಆ ಬಸ್ಸಿನಲ್ಲಿ ನಾನೂ ಇದ್ದದ್ದು ಆಕಸ್ಮಿಕ. ಅವಳು ಸೀಟಿನಲ್ಲಿ ಕೂತಿದ್ದಳು. ಜಾಡಿ ಮಡಿಲಲ್ಲಿತ್ತು, ಎರಡೂ ಕೈ ಅದನ್ನು ಬಳಸಿದ್ದವು.

ಕಂಡಕ್ಟರ್ ಬಗ್ಗಿ ನೋಡಿ, ‘ಏನ್ರಮ್ಮ, ಉಪ್ಪಿನ್ಕಾಯಾ?’ ಎಂದ.

‘ಇಲ್ಲ ಕಣಪ್ಪ, ಸರ್ಕಾರದ್ದು. ಉಳ ಬಿದ್ದದೆ.’

‘ಲಗೇಜ್ ಟಿಕೆಟ್ ಆಗ್ತದೆ.’

‘ಆಕು ಬುಡು. ರಸೀತಿ ಕೊಡು.’

ಕಚೇರಿಯಲ್ಲಿ ದೇವರಾಜು ಅವಳನ್ನು ಕಂಡ ಕೂಡಲೇ ಎದ್ದು ನಿಂತರು. ಜಾಡಿಯನ್ನು ಮೇಜಿನ ಮೇಲಿಟ್ಟಳು.

‘ಬಿಚ್ಚಿದೆಯಾ?’

‘ಅರಗೂ ಮುಟ್ಟಿಲ್ಲ, ಬುಡಾನೂ ಮುಟ್ಟಿಲ್ಲ. ಕೈ ಕಡೀತಾ ಅದೆ ಸ್ವಾಮಿ, ಏನಾರ ಮಾಡಿ.’

ಅವಳ ಎದುರಿಗೇ ತೆರೆದರು. ಹೊಸ ಬೇಳೆ ತುಂಬಿ ಮತ್ತೆ ಮೊಹರು ಮಾಡಿದರು. ಮೂರು ತಿಂಗಳಿಗೊಮ್ಮೆ ಅಡುಗೆಯವಳ ಮುಂದೆ ನಮೂನೆ ಬದಲಿಸಬೇಕೆಂದು ದೇವರಾಜು ಎಲ್ಲ ಹಾಸ್ಟೆಲಿಗೂ ಸುತ್ತೋಲೆ ಕಳಿಸಿದರು. ಆ ಸಲದ ಚೀಟಿಯಲ್ಲಿ ನಮ್ಮ ಸಹಿಗಳ ಕೆಳಗೆ ಒಂದು ಹೆಬ್ಬೆಟ್ಟೂ ಇತ್ತು.

ತಡೆಹಿಡಿದ ವರ್ಷ ಮುಗಿದು, ಮಾರ್ಚ್ ತಿಂಗಳಲ್ಲಿ ಅವಳ ಹೆಸರಿದ್ದ ಪಟ್ಟಿ ಬಂತು, ಅದರ ಹಿಂದೆ ಆದೇಶ. ಕಚೇರಿಯಲ್ಲಿ ಅದನ್ನು ಓದಿಸಿಕೊಳ್ಳಲು ನನ್ನನ್ನು ಕರೆದುಕೊಂಡು ಹೋಗಿದ್ದಳು. ಗುಮಾಸ್ತ ಹೆಬ್ಬೆಟ್ಟಿನ ಶಾಯಿ ಪ್ಯಾಡು ಮುಂದೆ ಸರಿಸಿದ. ನಾನು ಓದಿದೆ: ‘ಶ್ರೀಮತಿ ರಾಜಮ್ಮ ಕೋಂ ಸಣ್ಣಬೀರಯ್ಯ...’

‘ಯಾರು?’

‘ರಾಜಮ್ಮ ಅಂತ ಬರೆದಿದ್ದಾರೆ.’

ಅವಳ ಹೆಬ್ಬೆಟ್ಟು ಶಾಯಿಯವರೆಗೆ ಹೋಗಿ ನಿಂತಿತು.

ದೇವರಾಜು, ‘ಒಂದೇ ಅಕ್ಷರ ಕಣಮ್ಮ. ಒತ್ತು. ಸಂಬಳ ಬರುತ್ತೆ, ಆಮೇಲೆ ಸರಿಮಾಡೋಣ’ ಎಂದರು. ಹೊರಗೆ ಬೀಡಿ ಎಸೆದು ಒಳಗೆ ಬಂದ ಸಣ್ಣಬೀರಯ್ಯನೂ, ‘ಒತ್ಬುಡೇ. ನಾನೂ ಮನೇಲಿ ರಾಜಮ್ಮ ಅಂತ್ಲೇ ಕೂಗ್ತೀನಿ’ ಎಂದ.

‘ಪುಸ್ತಕ್ದಲ್ಲಿರೋದು ರಾಚಮ್ಮ. ಬಂದಿರೋದು ರಾಜಮ್ಮ,’ ಎಂದಳು. ‘ಒತ್ತಾಕಿಲ್ಲ.’

ಆದೇಶ ವಾಪಸ್ಸು ಹೋಯಿತು. ಮೈಸೂರಿಗೆ ಹೋಗಿ ತಿದ್ದುಪಡಿಯಾಗಿ ಬರಲು ಏಳು ತಿಂಗಳು ಹಿಡಿಯಿತು. ಅಷ್ಟೂ ದಿನ ಅದೇ ದಿನಗೂಲಿ. ಸೋಮವಾರ ಸೋಮವಾರ ಅಡುಗೆ ಮುಗಿಸಿ, ಕಂಬಿ ಹಿಡಿದು ನಿಂತು, ಕಚೇರಿಗೆ ಬಂದು ಕೇಳಿ ಹೋಗುತ್ತಿದ್ದಳು. ಅವಳು ಮಾಡಿದ್ದು ಮೊಂಡುತನ ಎಂದು ಕೆಲವರು ನನ್ನ ಹತ್ತಿರ ಹೇಳಿದ್ದಾರೆ. ಏಳು ತಿಂಗಳ ಅಳುಕು ಏನೆಂದು ತಿಳಿದವಳು ಅವಳೊಬ್ಬಳೇ, ಆದ್ದರಿಂದ ನಾನು ಅವರ ಜೊತೆ ವಾದ ಮಾಡಲಿಲ್ಲ.

ಕೊನೆಗೆ ಬಂದ ಕಾಗದವನ್ನು ದೇವರಾಜು ಹಾಸ್ಟೆಲಿಗೇ ತಂದರು. ನಾನೂ ಹೋಗಿದ್ದೆ. ರಾಚಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ಎರಡು ಸಲ ಓದಿಸಿದಳು. ಆಮೇಲೆ ಹೆಸರಿನ ಜಾಗದಲ್ಲಿ ಬೆರಳಿಟ್ಟು, ‘ಇದ್ರಾಗೆ ಚ ಎಲ್ಲದೆ?’ ಎಂದಳು. ತೋರಿಸಿದೆ. ಆ ಅಕ್ಷರವನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದಳು. ಬಣ್ಣ ಬಿಡಲಿಲ್ಲ. ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳಲು ನಿಲ್ಲದೆ ಒಳಗೆ ಹೋದಳು. ಒಲೆಯ ಮೇಲೆ ಅರವತ್ತು ಜನರ ಬೇಳೆ ಇತ್ತು.